ಅಮಾನತು ಶಾಲೆಯ ಗೇಟಿನವರೆಗೆ ಮಾತ್ರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಊರನ್ನೇ ತೆಗೆದುಕೊಳ್ಳಿ, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವವರನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಕರೆಂಟು ಕಂಬದ ಮೇಲೆ, ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಯ ಮೇಲೆ ಅವರ ಫೋನ್ ನಂಬರ್ ಬರೆದಿರುತ್ತದೆ. ಕರೆದರೆ ಟ್ಯಾಂಕರ್ ಬರುತ್ತದೆ. ಚಪ್ಪಡಿ ಸರಿಸಿ, ದಪ್ಪ ಪೈಪು ಇಳಿಬಿಟ್ಟು, ಮೋಟಾರ್ ಚಾಲೂ ಮಾಡಿದರೆ ಮುಕ್ಕಾಲು ಗಂಟೆಯಲ್ಲಿ ಗುಂಡಿ ಖಾಲಿ. ಲೋಡಿಗೆ ಇಷ್ಟು ಎಂದು ದುಡ್ಡು ಎಣಿಸಿಕೊಂಡು ಹೊರಟುಹೋಗುತ್ತಾರೆ. ಸಾಧಾರಣ ಮನೆಯವರೂ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮಾಡಿಸುವ ಕೆಲಸ ಇದು. ಯಾರೂ ಒಳಗೆ ಇಳಿಯಬೇಕಿಲ್ಲ.

2023ರ ಡಿಸೆಂಬರ್ 1ರಂದು ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಈ ಕೆಲಸಕ್ಕೆ ಮಕ್ಕಳನ್ನು ಇಳಿಸಲಾಯಿತು. ಇಳಿದವರು ಪರಿಶಿಷ್ಟ ಜಾತಿಯ ಹುಡುಗರು. ಪ್ರವೇಶ ಪರೀಕ್ಷೆ ಬರೆದು, ಆರನೇ ತರಗತಿಗೆ ಸೀಟು ಗಿಟ್ಟಿಸಿಕೊಂಡು, ಟ್ರಂಕು ಹೊತ್ತು ಬಂದ ಮಕ್ಕಳು. ಯಾರೋ ಫೋನಿನಲ್ಲಿ ಹಿಡಿದ ವಿಡಿಯೊ ಊರಿಗೆಲ್ಲ ತಲುಪಿದ್ದು 17ನೇ ತಾರೀಖು. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಮುಗಿದು ಆಗ ಎರಡೇ ದಿನವಾಗಿತ್ತು.

ಆಮೇಲೆ ನಡೆದದ್ದು ಗೊತ್ತಿರುವುದೇ. ಪ್ರಾಂಶುಪಾಲರು, ಶಿಕ್ಷಕರು, ನಿಲಯಪಾಲಕರು ಅಮಾನತಾದರು. ಪ್ರಾಂಶುಪಾಲರನ್ನೂ ಒಬ್ಬ ಶಿಕ್ಷಕರನ್ನೂ ಪೊಲೀಸರು ಬಂಧಿಸಿದರು. ತನಿಖೆಯ ಬೆನ್ನಿಗೇ ಇನ್ನೊಂದು ಕೊಳಕು ಮೇಲೆದ್ದಿತು. ಬಟ್ಟೆ ಬದಲಿಸುವಾಗ ಹೆಣ್ಣುಮಕ್ಕಳ ವಿಡಿಯೊ ಮಾಡಿದ ಆರೋಪ ಅಲ್ಲಿಯ ಚಿತ್ರಕಲಾ ಶಿಕ್ಷಕನ ಮೇಲೆ ಬಂತು. ಆ ಪೋಕ್ಸೊ ಪ್ರಕರಣವನ್ನು ರದ್ದು ಮಾಡಲು ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ. ಯಾರು ಎಷ್ಟು ತಪ್ಪಿತಸ್ಥರು ಎನ್ನುವುದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಮಕ್ಕಳನ್ನು ಗುಂಡಿಗೆ ಇಳಿಸಿದವರ ಪರವಾಗಿ ಒಂದಕ್ಷರವನ್ನೂ ಈ ಅಂಕಣದಲ್ಲಿ ಬರೆಯುವುದಿಲ್ಲ.

ಆದರೆ ಅಮಾನತಿನ ಪಟ್ಟಿಯಾಗಿ ಸುದ್ದಿಗೆ ಬಂದ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. ಎಲ್ಲವೂ ಶಾಲೆಯ ಕಾಂಪೌಂಡಿನೊಳಗಿನವು. ಗೇಟು ದಾಟಿ, ಮಾಲೂರು ರಸ್ತೆ ಹಿಡಿದು, ಕೋಲಾರದ ಜಿಲ್ಲಾಡಳಿತ ಭವನದ ಮೆಟ್ಟಿಲು ಹತ್ತಿ, ಅಲ್ಲಿಂದ ಬೆಂಗಳೂರಿನ ಕಚೇರಿಯವರೆಗೆ ಆ ಪಟ್ಟಿ ಹೋಗಲೇ ಇಲ್ಲ. ಶಾಲೆಯ ಹಣಕ್ಕೆ ಸಹಿ ಹಾಕುವವರು, ಹುದ್ದೆ ತುಂಬುವವರು, ತಪಾಸಣೆಗೆ ಬರಬೇಕಾದವರು ಕೂತಿರುವುದು ಅಲ್ಲಿ. ಯಲುವಹಳ್ಳಿಯ ಮೊದಲ ಆರೋಪಿ ಒಬ್ಬ ಪ್ರಾಂಶುಪಾಲರಾದರೆ, ಮೊದಲ ಹೊಣೆಗಾರ ಈ ಶಾಲೆಗಳನ್ನು ನಡೆಸುವ ಇಲಾಖೆಯ ನಾಯಕತ್ವ. ಆ ಹೊಣೆಯನ್ನು ಅದು ಒಂದು ದಿನವೂ ಹೊರಲಿಲ್ಲ.

ಡಿಸೆಂಬರ್ 1ರಿಂದ 17ರವರೆಗೆ ಹದಿನಾರು ದಿನ. ಶಾಲೆಯ ಮೇಲೆ ಜಿಲ್ಲೆಯಲ್ಲಿ ಸಮಾಜ ಕಲ್ಯಾಣದ ಜಂಟಿ ನಿರ್ದೇಶಕರಿದ್ದಾರೆ, ತಾಲ್ಲೂಕಿನಲ್ಲಿ ಸಹಾಯಕ ನಿರ್ದೇಶಕರಿದ್ದಾರೆ, ರಾಜಧಾನಿಯಲ್ಲಿ ಕ್ರೈಸ್ ಎಂದು ಎಲ್ಲರೂ ಕರೆಯುವ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘವಿದೆ. ಒಂದು ವಾಟ್ಸ್ಆ್ಯಪ್ ವಿಡಿಯೊ ಬರುವವರೆಗೆ ಇವರಲ್ಲಿ ಯಾರಿಂದಲೂ ಈ ವಿಷಯ ಹೊರಬೀಳಲಿಲ್ಲ. ಗೊತ್ತಿರಲಿಲ್ಲ ಎನ್ನುವುದಾದರೆ, ಗೊತ್ತಿಲ್ಲದಿರುವುದೇ ಅವರ ಮೇಲಿನ ಆರೋಪ. ಇನ್ನೂರು ಮುನ್ನೂರು ಮಕ್ಕಳು ಹಗಲೂ ರಾತ್ರಿ ಇರುವ ಜಾಗದಲ್ಲಿ ಮಲಗುಂಡಿ ಒಂದೇ ರಾತ್ರಿಗೆ ತುಂಬುವುದಿಲ್ಲ. ಮೊದಲು ನೀರು ಇಂಗುವುದು ನಿಲ್ಲುತ್ತದೆ, ಆಮೇಲೆ ಬಚ್ಚಲು ಕಟ್ಟುತ್ತದೆ, ಆಮೇಲೆ ನಾತ. ಊಟದ ಹಾಲಿಗೂ ಬರುವ ಆ ನಾತ ಭೇಟಿಗೆ ಬಂದ ಅಧಿಕಾರಿಯ ಮೂಗಿಗೆ ಬಡಿಯಲಿಲ್ಲವೆಂದರೆ ಅವರು ಭೇಟಿಗೇ ಬಂದಿಲ್ಲ, ಇಲ್ಲವೇ ಬಂದು ಆಫೀಸ್ ರೂಮಿನಲ್ಲಿ ಟೀ ಕುಡಿದು ರಿಜಿಸ್ಟರಿಗೆ ಸಹಿ ಹಾಕಿ ಹೋಗಿದ್ದಾರೆ.

ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿ ನಾವು ಕಂಡದ್ದೊಂದನ್ನು ಹೇಳಬೇಕು. ಯಲುವಹಳ್ಳಿಯದಲ್ಲ, ಇದೇ ಸೀಮೆಯ ಬೇರೊಂದು ಹಾಸ್ಟೆಲಿನದು. ಊರು ಹೆಸರು ಬೇಡ. ಗುಂಡಿ ತುಂಬಿದಾಗ ಏನು ಮಾಡುತ್ತೀರಿ ಎಂದು ಅಲ್ಲಿಯ ವಾರ್ಡನ್ನನ್ನು ಕೇಳಿದೆವು. ಅವರು ನಕ್ಕು, ಬೀರುವಿನಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟರು. ಕೆಂಪು ದಾರ ಕಟ್ಟಿದ ಫೈಲು. ಒಳಗೆ 'ಮಾನ್ಯರೇ' ಎಂದು ಶುರುವಾಗುವ ಪತ್ರಗಳು, ಒಂದರ ಕೆಳಗೆ ಇನ್ನೊಂದು, ಎಲ್ಲದಕ್ಕೂ ಸ್ವೀಕೃತಿಯ ಸೀಲು ಬಿದ್ದಿದೆ, ಯಾವುದಕ್ಕೂ ಉತ್ತರವಿಲ್ಲ.

'ಹಂಗಾದರೆ ಟ್ಯಾಂಕರ್ ಕರೆಸೋದು ಹೆಂಗೆ?'

'ಕರೆಸ್ತೀವಿ ಸಾರ್. ಅವನು ಬಿಲ್ ಕೊಡಲ್ಲ. ಬಿಲ್ ಇಲ್ದೆ ಟ್ರೆಜರಿ ಒಪ್ಪಲ್ಲ. ತರಕಾರೀಲಿ ತೋರಿಸ್ತೀವಿ.'

ತರಕಾರೀಲಿ ತೋರಿಸ್ತೀವಿ. ಕೋಲಾರದ ಮಟ್ಟಿಗೆ ಈ ಮಾತಿನಲ್ಲಿ ಒಂದು ವಿಶೇಷವಿದೆ. ಟೊಮೆಟೊ ಬೆಲೆ ಬೆಳಗ್ಗೆಗೂ ಸಂಜೆಗೂ ಬೇರೆಯಾಗುವ ಊರು ಇದು. ಎರಡು ಬಾಕ್ಸು ಹೆಚ್ಚು ಬರೆದುಕೊಂಡರೆ ಯಾವ ಆಡಿಟರಿಗೂ ಗೊತ್ತಾಗುವುದಿಲ್ಲ. ಅಂದರೆ ಮಕ್ಕಳನ್ನು ಗುಂಡಿಗೆ ಇಳಿಸದೆ ಮರ್ಯಾದೆಯಿಂದ ಕೆಲಸ ಮಾಡಿಸಬೇಕೆಂದರೆ ವಾರ್ಡನ್ ಸುಳ್ಳು ಲೆಕ್ಕ ಬರೆಯಬೇಕು. ಆ ಸುಳ್ಳು ಹೋಗಿ ಕೂರುವುದು ಅದೇ ಮಕ್ಕಳ ಸಾರಿನ ಪಾತ್ರೆಯಲ್ಲಿ. ಸುಳ್ಳು ಬರೆಯಲು ಹೆದರುವವನು, ಅಥವಾ ಮಕ್ಕಳ ಜಾತಿ ನೋಡಿ ಹೆದರಬೇಕಿಲ್ಲ ಎಂದುಕೊಳ್ಳುವವನು, ಮಕ್ಕಳನ್ನು ಕರೆಯುತ್ತಾನೆ. ಟ್ಯಾಂಕರಿನವನಿಗೆ ರಸೀದಿ ಪುಸ್ತಕ ಇಲ್ಲದ್ದು ಸಣ್ಣ ವಿಷಯ. ಸ್ಥಳೀಯ ಪುರಸಭೆಯ ಸಕ್ಕಿಂಗ್ ಯಂತ್ರವನ್ನು ಹಾಸ್ಟೆಲುಗಳಿಗೆ ಮೂರು ತಿಂಗಳಿಗೊಮ್ಮೆ ಕಳುಹಿಸುವಂತೆ ಒಂದು ಆದೇಶ, ಅದಕ್ಕೊಂದು ಲೆಕ್ಕಶೀರ್ಷಿಕೆ, ಇಷ್ಟಾದರೆ ಆ ತೊಡಕು ಮುಗಿಯಿತು. ಒಂದು ಹಾಳೆಯ ಕೆಲಸ. ಆ ಹಾಳೆಯನ್ನು ಬರೆಯುವುದಕ್ಕೆ ಹೊರಗುತ್ತಿಗೆಯ ಅಡುಗೆಯವರಿಗೂ ಕಾವಲುಗಾರನಿಗೂ ಅಧಿಕಾರವಿಲ್ಲ. ಅಧಿಕಾರ ಇರುವವರಿಗೆ ಸಂಬಳ, ಕಾರು, ಡ್ರೈವರ್ ಎಲ್ಲವನ್ನೂ ಸರ್ಕಾರ ಕೊಟ್ಟಿದೆ.

ದುಡ್ಡಿಲ್ಲ ಎನ್ನುವ ಮಾತನ್ನು ಮಾತ್ರ ಯಾರೂ ಹೇಳಬೇಡಿ. ಪರಿಶಿಷ್ಟರ ಹಣವನ್ನು ಪರಿಶಿಷ್ಟರಿಗೇ ಖರ್ಚು ಮಾಡಬೇಕೆಂದು 2013ರಲ್ಲಿ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಆಗಲೂ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ, ಯಲುವಹಳ್ಳಿಯ ಹೊತ್ತಿಗೂ ಅವರೇ. ಘಟನೆ ನಡೆದ 2023-24ರಲ್ಲಿ ಈ ಕಾಯ್ದೆಯಡಿಯ ಉಪಯೋಜನೆಗಳಿಗೆ ತೋರಿಸಿದ ಮೊತ್ತ 34 ಸಾವಿರ ಕೋಟಿ ರೂಪಾಯಿ ದಾಟಿತ್ತು. ಅದರಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹೋಯಿತು. ಆ ಯೋಜನೆಗಳಲ್ಲೂ ದಲಿತ ಕುಟುಂಬಗಳೇ ಫಲಾನುಭವಿಗಳಲ್ಲವೇ ಎಂದು ಸರ್ಕಾರ ವಾದಿಸಿತು. ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಉಚಿತ ಅಕ್ಕಿ, ತಿಂಗಳಿಗೆ ಎರಡು ಸಾವಿರ ರೂಪಾಯಿ, ಬಸ್ ಪ್ರಯಾಣ, ಇವು ಬಡವರ ಮನೆಗೆ ತಲುಪಿವೆ. ಆದರೆ ಎಲ್ಲರಿಗೂ ಕೊಡುವುದನ್ನು ದಲಿತರಿಗೆ ಕೊಡುವಾಗ ದಲಿತರ ಜೇಬಿನಿಂದಲೇ ತೆಗೆದು ಕೊಡುವುದು ಯಾವ ಲೆಕ್ಕ? ಈ ಹಣವನ್ನು ಬೇರೆಡೆಗೆ ತಿರುಗಿಸಲು ದಾರಿ ಮಾಡಿದ್ದ ಕಾಯ್ದೆಯ 7(ಡಿ) ಕಲಮನ್ನು 2023ರಲ್ಲಿ ಕಿತ್ತುಹಾಕಿದೆವೆಂದು ಬೆನ್ನು ತಟ್ಟಿಕೊಂಡವರು 7(ಸಿ) ಇಟ್ಟುಕೊಂಡರು, ಹಣ ಆ ಕಿಂಡಿಯಿಂದ ಹರಿಯಿತು. ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ರಾಜ್ಯದಲ್ಲೇ ಅತಿ ಹೆಚ್ಚಿರುವುದು ಕೋಲಾರ ಜಿಲ್ಲೆಯಲ್ಲಿ. 2011ರ ಜನಗಣತಿಯಂತೆ ನೂರಕ್ಕೆ ಮೂವತ್ತು. ಆ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಟ್ಯಾಂಕರ್ ಬರಬೇಕಾದ ಜಾಗಕ್ಕೆ ಹುಡುಗರು ಇಳಿದರು.

ಇಷ್ಟು ಹಣದ ಲೆಕ್ಕ ನೋಡುವುದಕ್ಕೆ ವಿಧಾನಸೌಧಕ್ಕೆ ಅಂಕಿಅಂಶಗಳ ಪುಸ್ತಕ ಹೋಗುತ್ತದೆ, ಜಿಲ್ಲಾ ಮಟ್ಟದಲ್ಲಿ ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಾಗುತ್ತದೆ. ಆ ಸಭೆಗೆ ಹೋದವರಿಗೆ ಗೊತ್ತು: ಮೊದಲು ಹೂಗುಚ್ಛ, ಆಮೇಲೆ ಗೋಡಂಬಿಯ ತಟ್ಟೆ, ಆಮೇಲೆ ಇಲಾಖಾವಾರು ಪ್ರಗತಿ. ಪ್ರಗತಿಯೆಂದರೆ ಇಲ್ಲಿ ಖರ್ಚು. ಬಿಡುಗಡೆ ಇಷ್ಟು, ಖರ್ಚು ಇಷ್ಟು, ಶೇಕಡಾ ಇಷ್ಟು. ಶೇ 98 ಎಂದು ಓದಿದ ಅಧಿಕಾರಿ ಕೂರುತ್ತಾರೆ, ಶೇ 60 ಎಂದವರಿಗೆ ಸಚಿವರು ಬಯ್ಯುತ್ತಾರೆ. ಆ ತೊಂಬತ್ತೆಂಟರಿಂದ ಯಾವ ಹಾಸ್ಟೆಲಿನ ಯಾವ ನಲ್ಲಿಯಲ್ಲಿ ನೀರು ಬಂತು ಎನ್ನುವ ಕಾಲಮ್ಮೇ ಆ ಪುಸ್ತಕದಲ್ಲಿ ಇರುವುದಿಲ್ಲ. ಶಾಲಾ ಶಿಕ್ಷಣ ಇಲಾಖೆಯ ಸರದಿ ಬಂದರಂತೂ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬ ಒಂದೇ ಮಾತು. ಫಲಿತಾಂಶ ಕುಸಿದರೆ ಡಿಡಿಪಿಐಗೆ ನೋಟಿಸು. ಶೌಚಾಲಯ ಕುಸಿದರೆ ಯಾರಿಗೂ ಇಲ್ಲ.

ನಮ್ಮ ವ್ಯವಸ್ಥೆಯ ಇನ್ನೊಂದು ಜಾಣತನವೂ ಇದೆ. ಊರ ಸರ್ಕಾರಿ ಶಾಲೆ ಡಿಡಿಪಿಐ ಕೈಕೆಳಗೆ, ವಸತಿ ಶಾಲೆ ಸಮಾಜ ಕಲ್ಯಾಣದ ಕೈಕೆಳಗೆ. ಕಟ್ಟಡ ಒಬ್ಬರದು, ಪಠ್ಯ ಒಬ್ಬರದು, ನೇಮಕಾತಿ ಬೆಂಗಳೂರಿನದು, ಹೊರಗುತ್ತಿಗೆಯ ಏಜೆನ್ಸಿ ಇನ್ನಾರದೋ. ಅಮೆರಿಕದಲ್ಲಿ ಶಾಲಾ ಜಿಲ್ಲೆ ಎಂಬುದಿದೆ, ಅದಕ್ಕೊಬ್ಬ ಸೂಪರಿಂಟೆಂಡೆಂಟ್ ಇರುತ್ತಾರೆ. ಬಹುತೇಕ ಕಡೆ ಅವರನ್ನು ನೇಮಿಸುವುದು ಜನ ಆರಿಸಿದ ಮಂಡಳಿ. ಆ ಮಂಡಳಿ ಬಾಗಿಲು ತೆರೆದಿಟ್ಟು ಸಭೆ ಮಾಡುತ್ತದೆ. ತಾಯಂದಿರು ಮೈಕಿನ ಮುಂದೆ ನಿಂತು, ಈ ದುಡ್ಡನ್ನು ಎಲ್ಲಿ ಹಾಕಿದಿರಿ ಎಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ. ಅಲ್ಲಿಯೂ ದುಂದುಗಾರಿಕೆ, ದರ್ಪ ಎಲ್ಲ ಇವೆ. ಆದರೆ ಬಯ್ಯುವುದಕ್ಕೆ ಒಂದು ಮುಖವಂತೂ ಇದೆ. ನಮ್ಮಲ್ಲಿ ಬಯ್ಯಬೇಕೆಂದರೂ ಯಾರಿಗೆ ಎಂದು ಮೊದಲು ಅರ್ಜಿ ಹಾಕಿ ತಿಳಿದುಕೊಳ್ಳಬೇಕು.

ಹಾಗೆಂದು ನಮ್ಮಲ್ಲಿ ಅಂಥದ್ದೇ ಇರಲಿಲ್ಲ ಎಂದುಕೊಳ್ಳಬೇಡಿ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಕಟ್ಟಿದ ಜಿಲ್ಲಾ ಪರಿಷತ್ತುಗಳು 1987ರಲ್ಲಿ ಚುನಾಯಿತರ ಕೈಗೆ ಬಂದಾಗ ಶಾಲೆಗೆ ಬಾರದ ಮೇಷ್ಟರನ್ನು ಕೇಳುವವರು ಹಳ್ಳಿಯಲ್ಲೇ ಹುಟ್ಟಿಕೊಂಡಿದ್ದರು. ಜಿಲ್ಲಾ ಪಂಚಾಯಿತಿಯ ಸ್ಥಾಯಿ ಸಮಿತಿಯಲ್ಲಿ ಕೂತ ಸದಸ್ಯನೊಬ್ಬ, ಓದಿದ್ದು ಏಳನೇ ಕ್ಲಾಸಾದರೂ, ಅಧಿಕಾರಿಯನ್ನು ನಿಲ್ಲಿಸಿ ಲೆಕ್ಕ ಕೇಳಬಹುದಿತ್ತು. 2016ರಲ್ಲಿ ಆರಿಸಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ ಎಂದು ಒಂದು ಸರ್ಕಾರ ಎಳೆಯಿತು, ಮುಂದಿನ ಸರ್ಕಾರ ಆ ಎಳೆತವನ್ನೇ ಮುಂದುವರಿಸಿತು. ಯಲುವಹಳ್ಳಿಯ ಮಕ್ಕಳು ಗುಂಡಿಗೆ ಇಳಿದ ದಿನ ಕೋಲಾರ ಜಿಲ್ಲಾ ಪಂಚಾಯಿತಿಯಲ್ಲಿ ಒಬ್ಬನೇ ಒಬ್ಬ ಚುನಾಯಿತ ಸದಸ್ಯನಿರಲಿಲ್ಲ. ಕುರ್ಚಿಗಳು ಖಾಲಿ ಇದ್ದವು, ಕಡತಗಳು ಅಧಿಕಾರಿಯಿಂದ ಅಧಿಕಾರಿಗೆ ಓಡಾಡುತ್ತಿದ್ದವು. ಅಮಾನತಿನ ಆದೇಶದಲ್ಲಿ ಈ ಸಂಗತಿಗೂ ಒಂದು ಸಾಲು ಇರಬೇಕಿತ್ತು.

ಊರ ಶಾಲೆಗಳ ಕತೆ ಇದಕ್ಕಿಂತ ಬಹಳ ಮೇಲಿಲ್ಲ. ಸಮಗ್ರ ಶಿಕ್ಷಣದ ಅನುದಾನದ ಲೆಕ್ಕ ಹೀಗಿದೆ: ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000, ಇನ್ನೂರೈವತ್ತರವರೆಗೆ 50,000. ಸೀಮೆಸುಣ್ಣದಿಂದ ಕರೆಂಟ್ ಬಿಲ್‌ವರೆಗೆ ಎಲ್ಲವೂ ಇದರಲ್ಲೇ. ಇದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಮೀಸಲು. ಮೂವತ್ತು ಮಕ್ಕಳ ಶಾಲೆಗೆ ಆ ಪಾಲು ಸಾವಿರ ರೂಪಾಯಿ. ತಿಂಗಳಿಗೆ ಎಂಬತ್ತಮೂರು ರೂಪಾಯಿ ಚಿಲ್ಲರೆ. ಫಿನಾಯಿಲ್ ಕ್ಯಾನು, ಒಂದು ಪೊರಕೆ ಕೊಳ್ಳುವಷ್ಟರಲ್ಲಿ ಮುಗಿಯಿತು. ಈ ಬಡತನ ಗೊತ್ತಿದ್ದೇ 2022ರ ಅಕ್ಟೋಬರ್‌ನಲ್ಲಿ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಿರಿ ಎಂದು. ಕೂಲಿ ಮಾಡುವವರ ಹತ್ತಿರ ಸರ್ಕಾರಿ ಶಾಲೆಗೆ ದೇಣಿಗೆಯೇ ಎಂದು ಎಲ್ಲ ಕಡೆಯಿಂದ ಉಗಿಸಿಕೊಂಡು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಮರುತಿಂಗಳು ಸರ್ಕಾರಿ ಶಾಲೆಗಳಲ್ಲಿ ಕಟ್ಟುವ 7,601 'ವಿವೇಕ' ಕೊಠಡಿಗಳ ಮಾತು ಬಂತು. ಕೊಠಡಿ ಬೇಕಿತ್ತು, ಒಳ್ಳೆಯದೇ. ರಾಜ್ಯ ಒಂದು ವಾರ ಚರ್ಚಿಸಿದ್ದು ಅವುಗಳಿಗೆ ಬಳಿಯುವ ಬಣ್ಣವನ್ನು. ಕೇಸರಿಯೇ ಆಗಬೇಕೋ ಬೇಡವೋ ಎಂದು ಎರಡೂ ಕಡೆಯವರು ಮೀಸೆ ತಿರುವಿದರು. ಆ ಕೊಠಡಿಯ ಪಕ್ಕದಲ್ಲಿ ಶೌಚಾಲಯ ಇರುತ್ತದೆಯೇ, ಇದ್ದರೆ ತೊಳೆಯುವವರು ಯಾರು ಎಂದು ಸದನದಲ್ಲಾಗಲಿ ಟಿವಿಯಲ್ಲಾಗಲಿ ಯಾರೂ ಗಂಟಲು ಹರಿದುಕೊಂಡದ್ದು ನಮಗಂತೂ ಕೇಳಿಸಲಿಲ್ಲ.

ತೊಳೆಯುವವರು ಯಾರು ಎನ್ನುವುದು ಅದೇ 2023ರ ಡಿಸೆಂಬರ್‌ನಲ್ಲೇ ಗೊತ್ತಾಯಿತು. ಯಲುವಹಳ್ಳಿಯ ಬೆನ್ನಿಗೇ ಬೆಂಗಳೂರಿನ ಅಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಶಿವಮೊಗ್ಗ ಜಿಲ್ಲೆ ಭದ್ರಾವತಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಮಕ್ಕಳು ಶೌಚಾಲಯ ತೊಳೆಯುವ ದೃಶ್ಯಗಳು ಬಂದವು. ಮತ್ತೆ ಕಟಕಟೆಗೆ ಬಂದವರು ಮುಖ್ಯ ಶಿಕ್ಷಕರು, ಮತ್ತೆ ಅಮಾನತು, ಮತ್ತೆ ಸುತ್ತೋಲೆ. ಒಂದೇ ತಿಂಗಳಲ್ಲಿ ಮೂರು ಜಿಲ್ಲೆಗಳಲ್ಲಿ ಒಂದೇ ರೋಗ ಕಂಡರೆ ಅದನ್ನು ಮೂರು ಮಂದಿಯ ದುರ್ಬುದ್ಧಿ ಎನ್ನುವ ವೈದ್ಯನನ್ನು ನಾವು ನಂಬುವುದಿಲ್ಲ.

ಶ್ರಮದಾನದ ಹೆಸರು ಹೇಳುವವರೂ ಇದ್ದಾರೆ. ಗಾಂಧೀಜಿ ಆಶ್ರಮದಲ್ಲಿ ಕಕ್ಕಸು ತೊಳೆಸಲಿಲ್ಲವೇ, ಜಪಾನಿನಲ್ಲಿ ಮಕ್ಕಳೇ ಶಾಲೆ ಗುಡಿಸುವುದಿಲ್ಲವೇ ಎನ್ನುತ್ತಾರೆ. ಗಾಂಧೀಜಿ ಮೊದಲು ಪೊರಕೆ ಹಿಡಿದದ್ದು ತಾವು, ಆಮೇಲೆ ಮೇಲ್ಜಾತಿಯ ತಮ್ಮ ಸಂಗಾತಿಗಳ ಕೈಗೆ ಕೊಟ್ಟರು. ಜಪಾನಿನಲ್ಲಿ ಎಲ್ಲ ಮಕ್ಕಳೂ ಒದ್ದೆ ಬಟ್ಟೆ ಹಿಡಿದು ನೆಲ ಒರೆಸುತ್ತಾರೆ, ಮಂತ್ರಿಯ ಮಗನೂ ಒರೆಸುತ್ತಾನೆ, ಮಲಗುಂಡಿಗೆ ಇಳಿಯುವುದಿಲ್ಲ. ಯಲುವಹಳ್ಳಿಯಲ್ಲಿ ಹಾಜರಿ ಪುಸ್ತಕದಿಂದ ಯಾವ ಹೆಸರುಗಳನ್ನು ಕೂಗಲಾಯಿತು ಎನ್ನುವುದರಲ್ಲೇ ಉತ್ತರವಿದೆ. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ಎಪ್ಪತ್ತರ ದಶಕದಲ್ಲೇ ಅಂದಿನ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಅರ್ಧ ಶತಮಾನ ಕಳೆದ ಮೇಲೆ ಅದೇ ಜಾತಿಗಳ ಮಕ್ಕಳನ್ನು, ಸಮಾಜ ಕಲ್ಯಾಣ ಎಂದು ಹೆಸರಿಟ್ಟುಕೊಂಡ ಇಲಾಖೆಯ ಆವರಣದಲ್ಲೇ, ಅದೇ ಕೆಲಸಕ್ಕೆ ಹಚ್ಚಿದೆವು.

ಕಾನೂನು ಕಡಿಮೆಯಿದೆಯೇ? ರಕ್ಷಣಾ ಸಾಧನಗಳಿಲ್ಲದೆ ಮಲಗುಂಡಿಗೆ ಯಾರನ್ನೂ ಇಳಿಸಬಾರದೆಂದು 2013ರ ಕೇಂದ್ರ ಕಾಯ್ದೆ ಹೇಳುತ್ತದೆ, ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಜೈಲು. ಪರಿಶಿಷ್ಟರನ್ನು ಈ ಕೆಲಸಕ್ಕೆ ಹಚ್ಚುವುದು ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. 2011ರಲ್ಲಿ ಇದೇ ಜಿಲ್ಲೆಯ ಕೆಜಿಎಫ್‌ನಲ್ಲಿ ಗುಂಡಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಚಿನ್ನ ತೆಗೆಯಲು ಸಾವಿರಾರು ಅಡಿ ಕೆಳಗೆ ಇಳಿದವರ ಊರಿನಲ್ಲಿ ಅವರ ಮೊಮ್ಮಕ್ಕಳ ಕಾಲಕ್ಕೆ ಇಳಿಯಲು ಉಳಿದಿದ್ದು ಆ ಗುಂಡಿ. ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಮತ್ತೊಮ್ಮೆ ಕಟುವಾಗಿ ಮಾತಾಡಿ, ಹೀಗೆ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಆರು ವಾರ ಕಳೆಯುವಷ್ಟರಲ್ಲಿ ಯಲುವಹಳ್ಳಿ. ಅಲ್ಲಿ ಯಾರೂ ಸಾಯಲಿಲ್ಲ, ಅದು ಮಕ್ಕಳ ಅದೃಷ್ಟ. ಅದರಲ್ಲಿ ಇಲಾಖೆಯ ಪಾತ್ರವೇನೂ ಇಲ್ಲ. ತುಂಬಿದ ಗುಂಡಿಯೊಳಗಿನ ಗಾಳಿಗೆ ಒಂದೆರಡು ಉಸಿರು ಸಾಕು, ದೊಡ್ಡವರೇ ಕುಸಿದುಬೀಳುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ಅಡ್ಡದಾರಿಯಾದರೂ ಸರಿ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ, ಪಂಪು ಮಾಡಿ, ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಿಂದ ನಡೆಯುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ಗುರಿ. ಸಾವಿರ ಕೋಟಿ ದಾಟಿದ ಖರ್ಚು. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ರೈತರು ಹೋರಾಡಿದ್ದು ಬೇರೆ ಕತೆ. ನಾವು ಹೇಳುತ್ತಿರುವುದು ಇಷ್ಟು: ಐವತ್ತು ಅರವತ್ತು ಕಿಲೋಮೀಟರ್ ದೂರದ ಐಟಿ ಕಂಪನಿಗಳ ಕೊಳಚೆಯನ್ನು ಯಂತ್ರದಿಂದಲೇ ತೆಗೆದು, ಯಂತ್ರದಿಂದಲೇ ಸೋಸಿ, ಯಂತ್ರದಿಂದಲೇ ಈ ಜಿಲ್ಲೆಗೆ ತಲುಪಿಸುವ ಸಾಮರ್ಥ್ಯ ಈ ಸರ್ಕಾರಕ್ಕಿದೆ. ಮಾಸ್ತಿಯವರ ಮಾಲೂರು ತಾಲ್ಲೂಕಿನ ಒಂದು ಶಾಲೆಯ ಗುಂಡಿಯ ಹತ್ತಿರ ಬಂದಾಗ ಯಂತ್ರ ಸಿಗಲಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಆ ದಿನಗಳಲ್ಲಿ ಈ ಶಾಲೆಯ ಮೇಲುಸ್ತುವಾರಿ ಹೊತ್ತಿದ್ದ ಪ್ರತಿಯೊಬ್ಬ ಅಧಿಕಾರಿಯೂ ಡಿಸೆಂಬರ್‌ಗೆ ಮುಂಚಿನ ಒಂದು ವರ್ಷದಲ್ಲಿ ಎಷ್ಟು ಸಲ ಅಲ್ಲಿಗೆ ಹೋದರು, ಏನು ಬರೆದರು ಎಂಬ ಭೇಟಿ ಪುಸ್ತಕವನ್ನು ಹೊರಗಿಡಬೇಕು. ಶಾಲೆಯಿಂದ ನಿರ್ವಹಣೆಗೆ ಹಣ ಕೇಳಿ ಪತ್ರ ಬಂದಿತ್ತೇ, ಬಂದಿದ್ದರೆ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎನ್ನುವುದನ್ನೂ ಹೇಳಬೇಕು. ಪತ್ರವೇ ಬಂದಿರಲಿಲ್ಲ, ಹಣ ಶಾಲೆಯ ಖಾತೆಯಲ್ಲೇ ಇತ್ತು ಎಂದಾದರೆ ಪ್ರಾಂಶುಪಾಲರ ಅಪರಾಧ ಇಮ್ಮಡಿಯಾಗುತ್ತದೆ, ಅದನ್ನೂ ಹೇಳಲಿ. ಯಾವುದೇ ಉತ್ತರವಾದರೂ ಬರಲಿ, ಮುಚ್ಚಿದ ಲಕೋಟೆ ಬೇಡ. ಕ್ರೈಸ್ ಹುಟ್ಟಿದ್ದು 1999ರಲ್ಲಿ. ಎಂಟುನೂರಕ್ಕೂ ಹೆಚ್ಚು ವಸತಿ ಶಾಲೆಗಳನ್ನು ನಡೆಸುವ ಆ ಸಂಸ್ಥೆಗೆ ಹೊಸ ಕಟ್ಟಡಗಳ ಶಂಕುಸ್ಥಾಪನೆಯ ಫೋಟೊಗಳಿಗೆ ಬರವಿಲ್ಲ. ಕೋಟಿಗಳ ಕಟ್ಟಡ ಕಟ್ಟಿ, ಅದರ ಹಿತ್ತಲಿನ ಗುಂಡಿಗೆ ವರ್ಷಕ್ಕೆ ಇಷ್ಟು ಎಂದು ಒಂದು ಪ್ರತ್ಯೇಕ ಸಾಲು ಬರೆಯದ ಬಜೆಟ್ಟನ್ನು ನಾವು ಒಳ್ಳೆಯ ಆಡಳಿತ ಎಂದು ಕರೆಯಲಾರೆವು.

ಪೋಷಕರಿಗೂ ಒಂದು ಮಾತು ಇದೆ, ಆದರೆ ಅದನ್ನು ಗದರಿಸಿ ಹೇಳುವ ಹಕ್ಕು ನಮಗಿಲ್ಲ. ಊರ ಶಾಲೆಗೆ ಎಸ್‌ಡಿಎಂಸಿ ಇದೆ, ದಿನ ಬೆಳಗಾದರೆ ಗೇಟಿನ ಮುಂದೆ ಹಾದುಹೋಗುವ ತಂದೆತಾಯಿ ಇದ್ದಾರೆ. ವಸತಿ ಶಾಲೆಯ ಮಗುವಿನ ಮನೆ ದೂರ. ಕೂಲಿ ಬಿಟ್ಟು, ಬಸ್ಸು ಬದಲಿಸಿ, ಭೇಟಿಯ ದಿನ ಬಂದು ಮರದಡಿ ಕೂತು ಬುತ್ತಿ ಬಿಚ್ಚುತ್ತಾರೆ. ಏನಾದರೂ ಕೇಳಿದರೆ ಸೀಟು ಹೋದೀತು ಎಂಬ ಭಯ ಅವರಿಗೆ. ಮಗನೂ ಹೇಳುವುದಿಲ್ಲ. ಗುಂಡಿಗೆ ಇಳಿದೆ ಎಂದು ಅವ್ವನ ಮುಂದೆ ಹೇಳಿಕೊಳ್ಳುವ ಮಗ ಯಾರಿದ್ದಾನೆ? ಈ ಮೌನದ ಮೇಲೆ ಇಲಾಖೆ ಹಾಯಾಗಿ ಕೂತಿತ್ತು.

ಘಟನೆಯ ಎರಡು ತಿಂಗಳಿಗೆ, 2024ರ ಫೆಬ್ರುವರಿಯಲ್ಲಿ, ವಸತಿ ಶಾಲೆಗಳು ಮತ್ತೆ ರಾಜ್ಯದ ಮುಖಪುಟಕ್ಕೆ ಬಂದವು. ಈ ಸಲ ಬಾಗಿಲ ಮೇಲಿನ ಬರಹದ ವಿಷಯಕ್ಕೆ. ಕೈಮುಗಿದು ಒಳಗೆ ಬರಬೇಕೆನ್ನುವ ಹಳೆಯ ಘೋಷವಾಕ್ಯವನ್ನು ಅಳಿಸಿ 'ಜ್ಞಾನ ದೇಗುಲವಿದು, ಧೈರ್ಯವಾಗಿ ಪ್ರಶ್ನಿಸಿ' ಎಂದು ಬರೆಸಲಾಗಿತ್ತು. ವಿಧಾನಸಭೆಯಲ್ಲಿ ಗದ್ದಲವಾಯಿತು, ಸಂಸ್ಕೃತಿ ಎಂದರು, ವಿಚಾರವಾದ ಎಂದರು, ಕುವೆಂಪು ಹೆಸರನ್ನು ಎರಡೂ ಕಡೆಯವರು ಎಳೆದಾಡಿದರು. ನಮಗೆ ಹೊಸ ವಾಕ್ಯವೇ ಹಿಡಿಸಿತು. ಬರೆಸಿದವರು ಬಣ್ಣದ ಡಬ್ಬಿಯನ್ನು ಇನ್ನೂ ಎಸೆದಿಲ್ಲವಾದರೆ ಅದರ ಕೆಳಗೆ ಇನ್ನು ನಾಲ್ಕು ಸಾಲು ಬರೆಸಲಿ: ಈ ಶಾಲೆಯ ಗುಂಡಿ ಕಳೆದ ಸಲ ಖಾಲಿಯಾದ ತಾರೀಖು, ಬಂದ ಟ್ಯಾಂಕರಿನ ನಂಬರು, ಕೊಟ್ಟ ದುಡ್ಡು, ಮತ್ತು ಮುಂದಿನ ಸಲ ಅದು ಬಾರದಿದ್ದರೆ ಮಗು ಫೋನು ಮಾಡಿ ಬಯ್ಯಬೇಕಾದ ಕೋಲಾರದ ಅಧಿಕಾರಿಯ ಹೆಸರು.